ದೊಡ್ಡೋಣಿಯ ನೀರುಪೆಟ್ಟಿಗೆ

ನೂಲಗೇರಿಯ ದೊಡ್ಡೋಣಿಯಲ್ಲಿ ಹೆಣ ಹೋಗುವಾಗ ಯಾರೂ ಮಗ್ಗ ಓಡಿಸುವುದಿಲ್ಲ. ಇದನ್ನು ಯಾರೂ ಎಲ್ಲಿಯೂ ಬರೆದಿಟ್ಟಿಲ್ಲ. ಆದರೂ ಸರ್ಕಾರ ಬರೆದಿಟ್ಟ ಎಷ್ಟೋ ಕಾನೂನುಗಳಿಗಿಂತ ಇದು ಗಟ್ಟಿ. ಮೇಲಿನ ತುದಿಯಲ್ಲಿ ಭಜನೆಯ ತಾಳ ಕೇಳಿಸಿತೋ ಇಲ್ಲವೋ, ಮೊದಲ ಮನೆಯ ಮಗ್ಗ ನಿಲ್ಲುತ್ತದೆ. ಆ ಸದ್ದು ನಿಂತದ್ದನ್ನು ಕೇಳಿ ಪಕ್ಕದ ಮನೆಯದು, ಅದನ್ನು ಕೇಳಿ ಅದರಾಚೆಯದು. ದಿನವಿಡೀ ಖಟಪಟ ಎನ್ನುವ ಓಣಿಯಲ್ಲಿ ಆಗ ಗುಬ್ಬಿಯ ದನಿಯೂ ದೊಡ್ಡದಾಗಿ ಕೇಳುತ್ತದೆ. ಹೊರಗಿನವರು ಕಾರಣ ಕೇಳಿದರೆ ಓಣಿಯವರು ನಗುತ್ತಾರೆ. ನೇಕಾರ ಸತ್ತರೂ ಮಗ್ಗದ ಸದ್ದು ಕಿವಿಗೆ ಬಿದ್ದರೆ ಸುಮ್ಮನಿರುವ ಆಸಾಮಿಯಲ್ಲ, ಎಲ್ಲೋ ಎಳೆ ಹರಿದಿದೆ ಎಂದು ಎದ್ದು ಬಂದೇಬಿಡುತ್ತಾನೆ. ಪಾಪ, ಒಂದು ಸಲವಾದರೂ ಅವನಿಗೆ ಬಿಡುವು ಬೇಡವೇ ಎನ್ನುತ್ತಾರೆ.

ನೀಲಗಂಗಾ ಬರಗಿ ಹುಟ್ಟಿ ಬೆಳೆದದ್ದು ಈ ಓಣಿಯಲ್ಲೇ. ಅವಳ ತಾಯಿ ಗುರುಸಿದ್ದವ್ವ ಈಗಲೂ ಎರಡು ಮಗ್ಗ ಓಡಿಸಿ ಸೀರೆ ನೇಯುತ್ತಾಳೆ. ನೀಲಗಂಗಾ ಮಾತ್ರ ರಸಾಯನಶಾಸ್ತ್ರ ಓದಿ ಹುಬ್ಬಳ್ಳಿಯ ನವಜ್ವಾಲಾ ಕಂಪನಿಯ ಪ್ರಯೋಗಾಲಯ ಸೇರಿದವಳು. ಶನಿವಾರ ಸಂಜೆಯ ಬಸ್ಸಿಗೆ ಊರಿಗೆ ಬಂದು ಸೋಮವಾರ ನಸುಕಿನ ಬಸ್ಸಿಗೆ ಮರಳುತ್ತಿದ್ದಳು.

ಕಂಬ, ತಂತಿ, ಲೋಡ್ ಶೆಡ್ಡಿಂಗುಗಳೆಲ್ಲ ಅಜ್ಜಿಕಥೆಗೆ ಸೇರಿಹೋಗಿದ್ದ ಕಾಲ ಅದು. ಬಯಲಿನಲ್ಲಿ ಹಾಸಿದ್ದ ಸೂರ್ಯಫಲಕಗಳು ಹಗಲೆಲ್ಲ ನೀರನ್ನು ಒಡೆದು ಜಲಜನಕ ಮಾಡುತ್ತಿದ್ದವು. ಅದು ಕೊಳವೆಯಲ್ಲಿ ಓಣಿಗೆ ಬಂದು ಪ್ರತಿ ಮನೆಯ ಮಗ್ಗದ ಕೋಣೆಯಲ್ಲಿದ್ದ ಒಂದು ಪೆಟ್ಟಿಗೆಯನ್ನು ಸೇರುತ್ತಿತ್ತು. ಕಂಪನಿಯವರು ಅದನ್ನು ಇಂಧನಕೋಶ ಎಂದರು. ಅದರೊಳಗೆ ಒಂದು ತೆಳು ಪೊರೆ. ಪೊರೆಯ ಒಂದು ಮಗ್ಗುಲಿಗೆ ಜಲಜನಕ, ಇನ್ನೊಂದು ಮಗ್ಗುಲಿಗೆ ಗಾಳಿ. ಬೆಂಕಿಯಿಲ್ಲದೆ ಅವೆರಡೂ ಕೂಡಿಕೊಂಡು ವಿದ್ಯುತ್ತು ಕೊಡುತ್ತವೆ, ಕೆಳಗಿನ ನಳಿಕೆಯಿಂದ ಬೆಚ್ಚಗಿನ ನೀರು ತೊಟ್ಟಿಕ್ಕುತ್ತದೆ. ಓಣಿಯವರು ಆ ನೀರನ್ನು ನೋಡಿ ನೀರುಪೆಟ್ಟಿಗೆ ಎಂದು ಹೆಸರಿಟ್ಟರು. ಗುರುಸಿದ್ದವ್ವ ನಳಿಕೆಯ ಕೆಳಗೆ ಕೊಡ ಇಟ್ಟಳು. ಬಾವಿಯ ಸವುಳು ನೀರಿನಲ್ಲಿ ಜಪ್ಪಯ್ಯ ಅಂದರೂ ಬೇಯದ ತೊಗರಿಬೇಳೆ ಈ ನೀರಿನಲ್ಲಿ ಬೆಣ್ಣೆಯಂತೆ ಬೇಯುತ್ತಿತ್ತು. ಮಗಳ ಕಂಪನಿಯ ಬಗ್ಗೆ ಅವಳಿಗಿದ್ದ ಅಷ್ಟಿಷ್ಟು ಗೌರವ ಬೇಳೆಯಿಂದ ಬಂದದ್ದು.

ಎಲ್ಲ ಸರಿಯಿತ್ತು, ಪೆಟ್ಟಿಗೆಗಳು ಸಾಯಲು ಶುರುವಾಗುವವರೆಗೆ.

*

ಹುಬ್ಬಳ್ಳಿಯ ನಿಯಂತ್ರಣ ಕೊಠಡಿಯಲ್ಲಿ ಗೋಡೆಯಗಲದ ಪರದೆ. ಪ್ರತಿ ಪೆಟ್ಟಿಗೆಗೂ ಅಲ್ಲಿ ಒಂದು ಗೆರೆ. ಪೆಟ್ಟಿಗೆ ಎಷ್ಟು ಶಕ್ತಿ ಕೊಡುತ್ತಿದೆ ಎಂಬುದನ್ನು ಆ ಗೆರೆ ಹೇಳುತ್ತದೆ. ಕೊಠಡಿಯ ಮುಖ್ಯಸ್ಥ ಮಾಧವ ಹೊಳ್ಳರು ಕುಂದಾಪುರದ ಕಡೆಯವರು, ಮೆದು ಮಾತಿನವರು. ಕೆಟ್ಟ ಸುದ್ದಿಯನ್ನೂ ಮದುವೆಗೆ ಕರೆಯುವ ದನಿಯಲ್ಲಿ ಹೇಳುತ್ತಿದ್ದರು.

"ನೋಡಿ ನೀಲಗಂಗಾ, ಆಸ್ಪತ್ರೆಗಳಲ್ಲಿ ಇದೇ ಪೆಟ್ಟಿಗೆ ವರ್ಷಗಟ್ಟಲೆ ಓಡ್ತಾ ಉಂಟು. ನಿಮ್ಮ ಊರಲ್ಲಿ ಮಾತ್ರ ಎರಡು ಮಳೆಗಾಲ ಕಾಣುವುದಿಲ್ಲ. ಪೆಟ್ಟಿಗೆಯದ್ದು ತಪ್ಪಲ್ಲ. ನಿಮ್ಮವರು ಬಟನ್ ಒತ್ತಿ ಅದನ್ನು ಆರಿಸಿ ಆರಿಸಿ ಕೊಲ್ತಾರೆ."

ಅವರ ಮಾತು ಸುಳ್ಳಾಗಿದ್ದರೆ ನೀಲಗಂಗಾಳಿಗೆ ಅಷ್ಟು ಸಿಟ್ಟು ಬರುತ್ತಿರಲಿಲ್ಲ. ಸತ್ತ ಪೆಟ್ಟಿಗೆಗಳನ್ನು ಬಿಚ್ಚಿ ಸೂಕ್ಷ್ಮದರ್ಶಕದ ಕೆಳಗೆ ನೋಡಿದವಳು ಅವಳೇ. ಪೊರೆಯ ಎರಡೂ ಮಗ್ಗುಲಿಗೆ ಪ್ಲಾಟಿನಂನ ಕಣಗಳಿರುತ್ತವೆ. ಜಲಜನಕವನ್ನೂ ಗಾಳಿಯನ್ನೂ ಕೂಡಿಸುವ ದಲ್ಲಾಳಿಗಳು ಅವೇ. ಪ್ಲಾಟಿನಂ ತುಟ್ಟಿ, ಆದ್ದರಿಂದ ಅದನ್ನು ಕಣ್ಣಿಗೆ ಕಾಣದಷ್ಟು ಸಣ್ಣ ಕಣಗಳಾಗಿಸಿ, ಇಂಗಾಲದ ಮಸಿಯ ಮೇಲೆ ಹರಡಿ ಕೂರಿಸುತ್ತಾರೆ. ಮಸಿ ಅವುಗಳಿಗೆ ಆಸರೆ. ಪೆಟ್ಟಿಗೆ ಓಡುತ್ತಿರುವಷ್ಟು ಹೊತ್ತು ಈ ಸಂಸಾರ ಸುಖವಾಗಿರುತ್ತದೆ. ಆರಿಸಿದಾಗ ಜಲಜನಕ ಇರಬೇಕಾದ ಕಡೆಗೂ ಗಾಳಿ ನುಸುಳುತ್ತದೆ. ಮತ್ತೆ ಹೊತ್ತಿಸಿದಾಗ ಜಲಜನಕ ಬಂದು ಆ ಗಾಳಿಯನ್ನು ತಳ್ಳುವ ಒಂದು ಗಳಿಗೆ ಇರುತ್ತದಲ್ಲ, ಆಗ ಕೋಶದ ಅರ್ಧಭಾಗ ಇನ್ನರ್ಧದ ಮೇಲೆ ತಿರುಗಿಬೀಳುತ್ತದೆ. ಆ ಒತ್ತಡಕ್ಕೆ ಗಾಳಿಯ ಕಡೆಯ ಮಸಿ ಜ್ವಾಲೆಯಿಲ್ಲದೆಯೇ ಸುಟ್ಟು ಅನಿಲವಾಗಿ ಹೋಗುತ್ತದೆ. ಆಸರೆ ಕಳೆದುಕೊಂಡ ಪ್ಲಾಟಿನಂ ಕಣಗಳು ಉದುರುತ್ತವೆ, ಇಲ್ಲವೇ ಒಂದಕ್ಕೊಂದು ಅಂಟಿ ಗಂಟಾಗುತ್ತವೆ. ಒಂದು ಸಲಕ್ಕೆ ಸ್ವಲ್ಪವೇ. ಆದರೆ ದೊಡ್ಡೋಣಿಯಲ್ಲಿ ಎಳೆ ಹರಿದರೆ ಆರಿಸುತ್ತಾರೆ, ಊಟಕ್ಕೆ ಎದ್ದರೆ ಆರಿಸುತ್ತಾರೆ, ಮಾತಾಡಲು ನೆಂಟರು ಬಂದರೂ ಆರಿಸುತ್ತಾರೆ.

ನಿಲ್ಲಿಸುವಾಗ ಒಳಗೆ ಬೇರೆ ಅನಿಲ ತುಂಬಿ ಕಾಪಾಡುವ ಉಪಾಯವೂ ಇತ್ತು. ಅದು ದೊಡ್ಡ ಬಸ್ಸುಗಳಿಗೆ ಸರಿ, ಮಗ್ಗದ ಕೋಣೆಗೆ ಅಷ್ಟೆಲ್ಲ ಯಾರು ಕಟ್ಟಿಕೊಡುತ್ತಾರೆ?

"ಮೇಲಿನವರು ತೀರ್ಮಾನ ಮಾಡಿಯಾಯ್ತು," ಎಂದರು ಹೊಳ್ಳರು. "ಹೊಸ ಪೆಟ್ಟಿಗೆಗೆ ಬಟನ್ ಇರುವುದಿಲ್ಲ. ಒಮ್ಮೆ ಹೊತ್ತಿಸಿದರೆ ನಾವು ಇಲ್ಲಿಂದ ಆರಿಸಬೇಕಷ್ಟೇ. ಪೆಟ್ಟಿಗೆಗೆ ಬೀಗ ಇರುತ್ತದೆ, ಅದನ್ನು ಒಡೆದವರಿಗೆ ಕೊಳವೆ ಬಂದ್."

"ಸರ್, ಕುಣೀಲಿಕ್ಕೆ ಬರದಾಕಿ ಅಂಗಳ ಡೊಂಕು ಅಂದಳಂತ," ಎಂದಳು ನೀಲಗಂಗಾ. "ಆರಿಸಿದ್ರ ಸಾಯೋ ಪೆಟ್ಟಿಗಿ ಮಾಡಿದವರು ನಾವು. ಬೀಗ ಮಾತ್ರ ಅವರ ಕೈಗೆ?"

"ಹಾಗಾದರೆ ಸಾಯದ ಪೆಟ್ಟಿಗೆ ಮಾಡಿ ತೋರಿಸಿ. ಬೀಗದ್ದು ತಯಾರಾಗಿ ಬರಲು ಎರಡು ಮೂರು ವರ್ಷ ಉಂಟು. ನಾನು ಬೇಡ ಎನ್ನುವುದಿಲ್ಲ."

ಅವರು ಅದನ್ನು ಸಮಾಧಾನಕ್ಕೆಂದು ಹೇಳಿದ್ದರು. ನೀಲಗಂಗಾ ಅದನ್ನು ಸವಾಲೆಂದು ತೆಗೆದುಕೊಂಡಳು.

*

ಆ ಶನಿವಾರ ಅವಳು ಊರಿಗೆ ಬರುವಷ್ಟರಲ್ಲಿ ಸುದ್ದಿ ಅವಳಿಗಿಂತ ಮೊದಲೇ ಬಂದಿತ್ತು. ಮನೆಯ ಮುಂದಿನ ಕಟ್ಟೆಯ ಮೇಲೆ ಎದುರುಮನೆಯ ಪರಪ್ಪ ಕಾಕಾ ಕಾಲು ಇಳಿಬಿಟ್ಟು ಕೂತಿದ್ದ. ಓಣಿಯಲ್ಲೇ ಹಿರಿಯ ನೇಕಾರ, ತಮಾಷೆಯ ಮನುಷ್ಯ. ಪೆಟ್ಟಿಗೆ ಆರಿಸುವುದರಲ್ಲಿ ಅವನನ್ನು ಮೀರಿಸುವವರಿಲ್ಲ. ಚುಟ್ಟಾ ಹೊತ್ತಿಸಲು ಎದ್ದರೂ ಆರಿಸಿಯೇ ಏಳುತ್ತಿದ್ದ.

"ಬಾರವಾ ವಿಜ್ಞಾನಿ," ಎಂದ. "ನಿಮ್ಮ ಕಂಪನಿಯವರು ಬಟನ್ ಕಿತಗೊಂಡು ಹೋಗ್ತಾರಂತ?"

"ಹಂಗಂತಾರ ಕಾಕಾ."

"ಅಲ್ಲವಾ, ಐವತ್ತು ವರ್ಷ ನಿಮ್ಮ ಕಾಕಿ ಮಾತ ಕೇಳಿಲ್ಲ ನಾ. ಇನ್ನ ಡಬ್ಬಿ ಮಾತು ಕೇಳ್ತೀನೇನು? ನನ್ನ ಮನ್ಯಾಗ ಯಾವುದು ನಡೀಬೇಕು, ಯಾವುದು ನಿಂದರಬೇಕು ಅನ್ನೂದು ನನ್ನ ಕೈಯಾಗ ಇರಬೇಕು. ಅದೂ ಇಲ್ಲಂದ್ರ ನಾ ಏನು ಮನಿ ಮಾಲಕನೋ, ಡಬ್ಬಿ ಕಾಯೋ ಆಳೋ?"

ಗುರುಸಿದ್ದವ್ವ ಒಳಗಿನಿಂದ ಚಹಾ ತಂದಳು. "ನಂದೂ ಅದ ಮಾತು. ಮಗ್ಗ ನಿಂತಾಗ ಡಬ್ಬಿ ಯಾಕ ಗುಂಯ್ ಅಂತ ಗ್ಯಾಸ್ ಕುಡಕೋತ ಕೂಡ್ಬೇಕು? ಕೂತು ಉಣ್ಣಾವಗ ಕುಡಿಕಿ ಹೊನ್ನೂ ಸಾಲೂದಿಲ್ಲ."

"ಅವ್ವಾ, ಅದು ಆರಿಸಿದಾಗೆಲ್ಲ ಒಳಗ ಸವಿತೈತಿ. ಅದಕ್ಕ ಅವರು ಹಂಗ ಮಾಡಾಕತ್ತಾರ."

"ಸವೀದಂತಾದ್ದು ಮಾಡು. ನೀ ಕಲತದ್ದು ಎದಕ್ಕ?"

ಪರಪ್ಪ ಚಹಾ ಕುಡಿದು ಬಸಿಯನ್ನು ಕಟ್ಟೆಯ ಮೇಲಿಟ್ಟ. ನಗುತ್ತಲೇ ಕೇಳಿದ, ಆದರೆ ಕಣ್ಣಿನಲ್ಲಿ ನಗೆ ಇರಲಿಲ್ಲ.

"ಒಂದು ಮಾತು ಹೇಳವಾ. ನಾ ಹೋಗೂ ದಿನ, ನನ್ನ ಹೆಣದ ಕುರ್ಚಿ ಓಣ್ಯಾಗ ದಾಟೂ ಮುಂದ, ಈ ಬೀಗದ ಡಬ್ಬಿಗೊಳು ಗುಂಯ್ ಅಂತನ ಇರ್ತಾವೇನು? ಮಗ್ಗ ನಿಲ್ಲಿಸಿದ್ರೂ ಇವು ನಿಲ್ಲೂದಿಲ್ಲ ಹೌದಲ್ಲೋ?"

ಅದು ನಿಜ. ಪೆಟ್ಟಿಗೆಯೊಳಗೆ ಗಾಳಿ ಊದುವ ಒಂದು ಪಂಖ ಇರುತ್ತದೆ. ಮಗ್ಗಗಳ ಗದ್ದಲದಲ್ಲಿ ಅದು ಕೇಳುವುದಿಲ್ಲ. ಓಣಿಯೆಲ್ಲ ನಿಂತಾಗ ಕೇಳುತ್ತದೆ.

"ಇಲ್ಲ ಕಾಕಾ," ಎಂದಳು ನೀಲಗಂಗಾ. "ಅವತ್ತು ನಮ್ಮ ಮನಿ ಡಬ್ಬಿ ನಾನ ಬಂದ್ ಮಾಡ್ತೀನಿ. ಯಾರು ಬ್ಯಾಡಂದ್ರೂ ಮಾಡ್ತೀನಿ."

"ಹಂಗಾರ ಸಾಯಾಕ ಏನ ಅಡ್ಡಿ ಇಲ್ಲ ಬಿಡು," ಎಂದು ಪರಪ್ಪ ಎದ್ದು, ಪಂಚೆ ಜಾಡಿಸಿಕೊಂಡು ಎದುರುಮನೆಗೆ ಹೋದ.

*

ಮಸಿಯನ್ನು ಬಿಟ್ಟು ಬೇರೆ ಆಸರೆ ಹುಡುಕಬೇಕಿತ್ತು. ನೀಲಗಂಗಾ ಇಂಗಾಲದ ನ್ಯಾನೊ ನಳಿಕೆಗಳನ್ನು ಕೈಗೆತ್ತಿಕೊಂಡಳು. ಅವೂ ಇಂಗಾಲವೇ, ಆದರೆ ಮಸಿಯಂತೆ ಚೂರುಚೂರಲ್ಲ. ಒಂದೇ ಪರಮಾಣುವಿನಷ್ಟು ತೆಳುವಾದ ಹಾಳೆಯನ್ನು ಚಾಪೆಯಂತೆ ಸುತ್ತಿ ನಳಿಕೆ ಮಾಡಿದರೆ ಹೇಗೋ ಹಾಗೆ. ಮಸಿಗೆ ಎಲ್ಲೆಲ್ಲೂ ಬಿಚ್ಚಿದ ಅಂಚುಗಳು, ಸುಡುವುದು ಅಲ್ಲಿಂದಲೇ ಶುರು. ನಳಿಕೆಯ ಮೈಗೆ ಅಂಚೇ ಇಲ್ಲ. ಎಷ್ಟು ಸಲ ಆರಿಸಿ ಹೊತ್ತಿಸಿದರೂ ಅದು ಸುಲಭಕ್ಕೆ ಸುಡುವುದಿಲ್ಲ. ವಿದ್ಯುತ್ತನ್ನೂ ಚೆನ್ನಾಗಿ ಸಾಗಿಸುತ್ತದೆ.

ಇದೇನು ಅವಳು ಕಂಡುಹಿಡಿದದ್ದಲ್ಲ. ಹಿಂದಿನ ತಲೆಮಾರಿನವರೇ ಬಲ್ಲ ಸಂಗತಿ. ತೊಂದರೆಯನ್ನೂ ಅವರು ಬಲ್ಲರು: ಅಷ್ಟು ನುಣುಪಾದ ಮೈಮೇಲೆ ಪ್ಲಾಟಿನಂ ಕೂರುವುದಿಲ್ಲ. ಎಣ್ಣೆ ಹಚ್ಚಿದ ಕಂಬ ಹತ್ತಿದ ಹಾಗೆ ಜಾರಿ ಒಂದೆಡೆ ಗುಂಪಾಗುತ್ತದೆ. ಆಮ್ಲದಲ್ಲಿ ಕುದಿಸಿ ನಳಿಕೆಯ ಮೈ ಗೀರಿದರೆ ಪ್ಲಾಟಿನಂ ಹಿಡಿದು ಕೂರುತ್ತದೆ, ಆದರೆ ಆ ಗೀರುಗಳೇ ಹೊಸ ಅಂಚುಗಳು. ಸುಡುವುದು ಅಲ್ಲಿಂದ ಶುರುವಾಗುತ್ತದೆ. ಅತ್ತ ದರಿ, ಇತ್ತ ಪುಲಿ.

ನೀಲಗಂಗಾ ಮೊದಲು ಮಾಡಿದ್ದು ಗೀರುವುದನ್ನೇ, ಅದೂ ಹದವಾಗಿ ಗೀರುತ್ತೇನೆ ಎಂಬ ಜಂಬದಿಂದ. ಪ್ರಯೋಗಾಲಯದಲ್ಲಿ ಆ ಪೆಟ್ಟಿಗೆ ತಿಂಗಳುಗಟ್ಟಲೆ ಚೆನ್ನಾಗಿ ಓಡಿತು. ಅವಳು ಖುಷಿಯಿಂದ ಅದನ್ನು ಮನೆಗೆ ತಂದಳು. ದೀಪಾವಳಿಯ ಹೊತ್ತಿಗೆ ಅದು ಕೆಮ್ಮತೊಡಗಿತು. ಪ್ರಯೋಗಾಲಯದಲ್ಲಿ ಅದನ್ನು ಯಾರೂ ಆರಿಸಿರಲೇ ಇಲ್ಲ. ಆರಿಸುವ ಓಣಿಯಲ್ಲಿ ಹುಟ್ಟಿದವಳಿಗೇ ಆರಿಸಿ ನೋಡಬೇಕೆಂದು ಹೊಳೆದಿರಲಿಲ್ಲ. ಬಿಳಿ ಕೋಟು ಹಾಕಿಕೊಂಡ ಕೂಡಲೇ ತಾನೂ ಹೊಳ್ಳರಂತೆಯೇ ಯೋಚಿಸಿದೆನಲ್ಲ ಎಂದು ಅವಳಿಗೆ ನಾಚಿಕೆಯಾಯಿತು. ಆಮೇಲೆ ಆ ನಾಚಿಕೆ ಹಟವಾಯಿತು.

ಕೊನೆಗೆ ಕೈಹಿಡಿದದ್ದು ಬೇರೆ ದಾರಿ. ನಳಿಕೆಯನ್ನು ಗೀರುವ ಬದಲು ಅದಕ್ಕೆ ಒಂದು ಪಾಲಿಮರಿನ ತೆಳು ಹೊದಿಕೆ ಸುತ್ತುವುದು. ಹೊದಿಕೆ ನಳಿಕೆಯನ್ನು ಗಾಯ ಮಾಡದೆ ತಬ್ಬಿಕೊಳ್ಳುತ್ತದೆ, ಅದರ ಮೈಯಲ್ಲಿರುವ ಸಾರಜನಕದ ಕೊಂಡಿಗಳು ಪ್ಲಾಟಿನಂ ಕಣಗಳನ್ನು ಅಲ್ಲಲ್ಲೇ ಹಿಡಿದಿಡುತ್ತವೆ. ಮುಂದೆ ಪತ್ರಿಕೆಯವರು ಇದರ ಬಗ್ಗೆ ಚಂದದ ಕಥೆ ಕಟ್ಟಿದರು. ತಾಯಿ ಮಗ್ಗದ ಹಾಸಿನ ನೂಲಿಗೆ ಗಂಜಿ ಹಚ್ಚುವುದನ್ನು ನೋಡಿ ಮಗಳಿಗೆ ಥಟ್ಟನೆ ಹೊಳೆಯಿತು ಎಂದು ಬರೆದರು. ಶುದ್ಧ ಸುಳ್ಳು. ಹೊಳೆದದ್ದು ಬೇರೆಯವರ ಹತ್ತಾರು ಪ್ರಬಂಧಗಳನ್ನು ಓದಿ, ಅದಕ್ಕಿಂತ ಹೆಚ್ಚು ಸಲ ಕೆಡಿಸಿ ಕಲಿತ ಮೇಲೆ. ಹೊದಿಕೆ ದಪ್ಪವಾದರೆ ವಿದ್ಯುತ್ತು ಹರಿಯದು, ತೆಳುವಾದರೆ ಪ್ಲಾಟಿನಂ ನಿಲ್ಲದು. ಆ ಹದ ಹುಡುಕುವುದರಲ್ಲೇ ಒಂದು ವರ್ಷ ಹೋಯಿತು. ಆದರೆ ಹೆಸರಿಡುವಾಗ ಮಾತ್ರ ಅವಳು ಅದಕ್ಕೆ ಗಂಜಿ ಎಂದೇ ಕರೆದಳು. ಪ್ರಯೋಗಾಲಯದವರೆಲ್ಲ "ಇವತ್ತು ಗಂಜಿ ಆಯ್ತಾ?" ಎಂದು ಕೇಳುವುದು ರೂಢಿಯಾಯಿತು.

ಗಂಜಿಯ ಪೆಟ್ಟಿಗೆಯನ್ನು ಅವಳು ಈ ಸಲ ಆರಿಸಿ ನೋಡಿದಳು. ಬಂದುಹೋದವರಿಗೆಲ್ಲ ಆರಿಸಲು ಹೇಳಿದಳು. ಅದು ಜಗ್ಗಲಿಲ್ಲ.

*

"ಕಂಪನಿಯ ಪರೀಕ್ಷೆಯಲ್ಲಿ ಪಾಸಾಗಬೇಕು," ಎಂದರು ಹೊಳ್ಳರು. "ನಿಮ್ಮ ಮನೆಯಲ್ಲೇ ಇಡಿ. ಒಂದು ತಿಂಗಳು ಎಡೆಬಿಡದೆ ಓಡಬೇಕು. ಮಧ್ಯದಲ್ಲಿ ಗೆರೆ ತುಂಡಾದರೆ ನಪಾಸು."

"ಸರ್, ಆರಿಸಿದರೂ ಸಾಯೂದಿಲ್ಲ ಅನ್ನೂದ ಇದರ ಗುಣ. ನೀವು ಆರಿಸಬ್ಯಾಡ ಅಂತೀರಿ. ಛತ್ರಿನ ಮನಿಯೊಳಗ ಬಿಚ್ಚಿ ಪರೀಕ್ಷಾ ಮಾಡಿದಂಗಾತು."

"ನಿಯಮ ಇರುವುದು ಹಾಗೆ. ಆರಿಸುವ ಪರೀಕ್ಷೆ ನಮ್ಮಲ್ಲಿ ಇಲ್ಲ. ನಾನೇನು ಮಾಡಲಿ? ನಿಮ್ಮದು ನಪಾಸಾದರೆ ಬೀಗದ ಪೆಟ್ಟಿಗೆಗಳ ಲಾರಿ ಹೊರಡುತ್ತದೆ. ಅದು ಈಗಾಗಲೇ ಗೋದಾಮಿನಲ್ಲಿ ತುಂಬಿ ನಿಂತಿದೆ."

ನೀಲಗಂಗಾ ಹಲ್ಲು ಕಚ್ಚಿ ಒಪ್ಪಿದಳು. ರಜೆ ಹಾಕಿ ಮನೆಯಲ್ಲೇ ಉಳಿದಳು. ಎರಡು ಹೊತ್ತು ಪೆಟ್ಟಿಗೆಯ ಪಕ್ಕ ಕೂತು ಕಾದಳು. ಗುರುಸಿದ್ದವ್ವ ಊಟಕ್ಕೆ ಏಳುವಾಗಲೆಲ್ಲ ಕೈ ತಾನಾಗಿಯೇ ಬಟನ್ನಿನ ಕಡೆ ಹೋಗುತ್ತಿತ್ತು, ಮಗಳು ಹಿಡಿದು ಕೆಳಗಿಳಿಸುತ್ತಿದ್ದಳು. ಪರಪ್ಪ ದಿನಾ ಸಂಜೆ ಬಾಗಿಲಲ್ಲಿ ನಿಂತು ವಿಚಾರಿಸುತ್ತಿದ್ದ. ಅವನಿಗೆ ಕೆಲವು ತಿಂಗಳಿಂದ ದಮ್ಮು. ನಾಲ್ಕು ಹೆಜ್ಜೆಗೆ ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ.

"ಬದುಕೈತೇನ ನಿನ್ನ ಕೂಸು?"

"ಬದುಕೈತಿ ಕಾಕಾ."

"ನಾನೂ ಬದುಕೀನಿ. ನೋಡೂಣು ಯಾರು ಮೊದಲು ನಿಲ್ತಾರ."

ಪರೀಕ್ಷೆಯ ಕೊನೆಯ ದಿನ ಬೆಳಗ್ಗೆ ಎದುರುಮನೆಯಿಂದ ಕಾಕಿಯ ಅಳು ಕೇಳಿಸಿತು.

*

ಪರಪ್ಪನಿಗೆ ಮೀಸಿ, ಮಡಿ ಉಡಿಸಿ, ಹಣೆಗೆ ವಿಭೂತಿ ಬಳಿದು, ಚೆಂಡುಹೂವಿನಿಂದ ಸಿಂಗರಿಸಿದ ಕುರ್ಚಿಯಲ್ಲಿ ಕೂರಿಸಿದರು. ಕಣ್ಣು ಮುಚ್ಚಿದ್ದರೂ ತುಟಿಯ ಒಂದು ಮೂಲೆಯಲ್ಲಿ ಇನ್ನೇನೋ ತಮಾಷೆ ಹೇಳುವವನ ಭಾವ ಉಳಿದಿತ್ತು. ನೀಲಗಂಗಾ ಕಾಕಿಯನ್ನು ತಬ್ಬಿಕೊಂಡು ಮನಸಾರೆ ಅತ್ತಳು. ಅತ್ತು ಮುಗಿಸಿ ಮನೆಗೆ ಬಂದಾಗ ಫೋನು ಬಡಿದುಕೊಳ್ಳುತ್ತಿತ್ತು.

"ಸುದ್ದಿ ಗೊತ್ತಾಯ್ತು," ಎಂದರು ಹೊಳ್ಳರು. "ಇನ್ನು ನಿಮ್ಮ ಓಣಿಯ ಗೆರೆಗಳೆಲ್ಲ ಒಂದೊಂದಾಗಿ ತುಂಡಾಗ್ತವೆ. ಕೇಳಿ, ನೀವು ಮಗ್ಗ ನಿಲ್ಲಿಸಿ, ನಾನು ಬೇಡ ಎನ್ನುವುದಿಲ್ಲ. ಪೆಟ್ಟಿಗೆ ಮಾತ್ರ ಓಡಲಿ. ಸಂಜೆಯವರೆಗೆ ಓಡಿದರೆ ಪಾಸು. ನಿಮ್ಮ ಊರವರ ಬಟನ್ ಅವರ ಕೈಯಲ್ಲೇ ಉಳಿಯುತ್ತದೆ. ಇಷ್ಟು ದಿನ ಓಡಿಸಿ ಈಗ ಆರಿಸಬೇಡಿ. ಒಂದು ಪಂಖದ ಸದ್ದು, ಯಾರಿಗೆ ಕೇಳುತ್ತದೆ?"

ಅವರ ದನಿಯಲ್ಲಿ ನಿಜವಾದ ಕಳಕಳಿ ಇತ್ತು. ಅದಕ್ಕೇ ಅವಳಿಗೆ ಕಷ್ಟವಾಯಿತು. ಅವರು ಹೇಳಿದ್ದು ಲೆಕ್ಕದ ಪ್ರಕಾರ ಸರಿ. ಓಣಿಯ ಒಳಿತಿಗೇ ಒಂದಿಷ್ಟು ಹೊತ್ತು ಗುಂಯ್ ಎನ್ನಲಿ, ಸತ್ತವನೇನು ಎದ್ದು ಬಂದು ಕೇಳುತ್ತಾನೆಯೇ?

ಕುರ್ಚಿಯನ್ನು ಹಿಂದಿನ ಸಂದಿಯಿಂದ ಮೇಲಿನ ತುದಿಯ ಮಠಕ್ಕೆ ಒಯ್ದಿದ್ದರು, ಮೆರವಣಿಗೆ ಹೊರಡುವುದು ಅಲ್ಲಿಂದಲೇ. ಆ ತುದಿಯಲ್ಲಿ ತಾಳ ಕೇಳಿಸಿತು. ಮೊದಲ ಮಗ್ಗ ನಿಂತಿತು. ಆಮೇಲೆ ಅದರ ಪಕ್ಕದ್ದು. ಗುರುಸಿದ್ದವ್ವ ತನ್ನ ಎರಡೂ ಮಗ್ಗ ನಿಲ್ಲಿಸಿ, ಸೆರಗು ಹೊದ್ದು ಬಾಗಿಲಿಗೆ ಬಂದು ನಿಂತಳು. ಮಗಳ ಕಡೆ ನೋಡಲಿಲ್ಲ. ಓಣಿಯೆಲ್ಲ ನಿಂತಿತು. ಪೆಟ್ಟಿಗೆಗಳೂ ನಿಂತವು. ಇಡೀ ದೊಡ್ಡೋಣಿಯಲ್ಲಿ ಈಗ ಕೇಳುತ್ತಿದ್ದದ್ದು ಭಜನೆ ಮತ್ತು ನೀಲಗಂಗಾಳ ಪೆಟ್ಟಿಗೆಯ ಗುಂಯ್ ಸದ್ದು. ಕುರ್ಚಿ ಹೊತ್ತವರಲ್ಲಿ ಒಬ್ಬ ತಲೆಯೆತ್ತಿ ಅವರ ಮನೆಯತ್ತ ನೋಡಿದ.

"ಕೇಳ್ತೈತಿ ಸರ್," ಎಂದಳು ನೀಲಗಂಗಾ ಫೋನಿಗೆ. "ಇಲ್ಲಿ ನಿಂತ್ರ ನಿಮಗೂ ಕೇಳ್ತಿತ್ತು. ಆರಿಸಬ್ಯಾಡ ಅನ್ನೋರಿಗೆ ಹೆದರಿ ಇವತ್ತು ನಾ ಆರಿಸದಿದ್ರ, ನಿಮ್ಮ ಬೀಗ ನಾನ ಹಾಕಿಕೊಂಡಂಗ. ಆಮ್ಯಾಲೆ ಬಟನ್ ಯಾರ ಕೈಯಾಗ ಇದ್ರ ಏನು?"

ಅವಳು ಬಟನ್ ಒತ್ತಿದಳು. ಪಂಖ ನಿಧಾನವಾಗಿ ನಿಂತಿತು.

ಪರಪ್ಪ ಕಾಕಾ ಸದ್ದಿಲ್ಲದ ಓಣಿಯಲ್ಲಿ, ಚೆಂಡುಹೂವಿನ ನಡುವೆ ಕೂತು, ತನ್ನ ಮನೆಯನ್ನೂ ಅವಳ ಮನೆಯನ್ನೂ ದಾಟಿ ಹೋದ. ಅವನು ತಿರುವಿನಲ್ಲಿ ಮರೆಯಾಗುವವರೆಗೆ ನೀಲಗಂಗಾ ಬಾಗಿಲಲ್ಲಿ ನಿಂತಿದ್ದಳು. ಎದೆಯಲ್ಲಿ ದುಃಖವಿತ್ತು, ಹೆದರಿಕೆ ಇರಲಿಲ್ಲ.

*

ಮಣ್ಣು ಮುಗಿಸಿ ಬಂದವರು ಸ್ನಾನ ಮಾಡಿದರು. ಓಣಿಯ ಪೆಟ್ಟಿಗೆಗಳು ಒಂದೊಂದಾಗಿ ಹೊತ್ತಿಕೊಂಡವು. ಕೆಲವು ಎರಡು ಮೂರು ಸಲ ಕೆಮ್ಮಿದ ಮೇಲೆ. ನೀಲಗಂಗಾ ತನ್ನದನ್ನೂ ಹೊತ್ತಿಸಿ, ಮಡಿಲಲ್ಲಿದ್ದ ಕಂಪ್ಯೂಟರಿನ ಪರದೆ ನೋಡಿದಳು. ಗೆರೆ ತುಂಡಾಗಿ, ಮತ್ತೆ ಮೊದಲಿನ ಎತ್ತರಕ್ಕೇ ಬಂದು ನಿಂತಿತ್ತು. ಕೂದಲೆಳೆಯಷ್ಟೂ ಕೆಳಗಿಳಿದಿರಲಿಲ್ಲ.

ಹೊಳ್ಳರ ಫೋನು ಬಂತು. "ನಪಾಸು ಎಂದು ಬರೆಯಬೇಕಾಯ್ತು, ನೀಲಗಂಗಾ. ನನಗೂ ಬೇಸರ ಉಂಟು. ನಾಳೆ ಲಾರಿ ಹೊರಡುತ್ತದೆ."

"ಬರೀರಿ ಸರ್. ಪರದೆ ಮಾತ್ರ ನೋಡ್ತಾ ಕೂಡ್ರಿ."

ಅವಳು ಪೆಟ್ಟಿಗೆಯನ್ನು ಆರಿಸಿದಳು. ಜಲಜನಕದ ಕಡೆಯ ಕವಾಟ ತೆರೆದು, ಅಲ್ಲಿ ಪೂರ್ತಿ ಗಾಳಿ ತುಂಬಿಕೊಳ್ಳುವವರೆಗೆ ಕಾದಳು. ಅದಕ್ಕಿಂತ ಕೆಟ್ಟ ಶಿಕ್ಷೆ ಆ ಪೆಟ್ಟಿಗೆಗೆ ಇಲ್ಲ. ಮತ್ತೆ ಹೊತ್ತಿಸಿದಳು. ಗೆರೆ ಎದ್ದು ಅದೇ ಎತ್ತರಕ್ಕೆ ನಿಂತಿತು. ಮತ್ತೆ ಆರಿಸಿದಳು.

"ಏನು ಮಾಡ್ತಾ ಇದ್ದೀರಿ?" ಎಂದರು ಹೊಳ್ಳರು.

"ನಿಮ್ಮಲ್ಲಿ ಇಲ್ಲದ ಪರೀಕ್ಷಾ ಮಾಡಾಕತ್ತೀನಿ. ಇದು ನನ್ನ ಪರದೆಯಾಗಲ್ಲ, ನಿಮ್ಮ ಗೋಡೆ ಮ್ಯಾಲೆ ಬೀಳ್ತೈತಿ. ನಾ ಬರದದ್ದಲ್ಲ, ಕಂಪನಿ ಯಂತ್ರನ ಬರಕೊಳ್ತೈತಿ."

ಗುರುಸಿದ್ದವ್ವ ಒದ್ದೆ ಕೂದಲು ಗಂಟು ಹಾಕುತ್ತ ಬಂದು ನಿಂತಳು. "ನೀ ಒಬ್ಬಾಕಿನ ಎಷ್ಟು ಒತ್ತತಿ? ಸರಿ ಇತ್ತಾಗ," ಎಂದು ಮಗಳನ್ನು ಪಕ್ಕಕ್ಕೆ ತಳ್ಳಿ ತಾನು ಒತ್ತಿದಳು. ಇಷ್ಟು ದಿನ ತಡೆಹಿಡಿದಿದ್ದ ಕೈ ಅದು. ಒತ್ತಿದ್ದರಲ್ಲಿ ಸುಖವಿತ್ತು.

ಬಾಗಿಲಲ್ಲಿ ಇಣುಕಿದ ಪಕ್ಕದ ಮನೆಯಾಕೆ ಏನೆಂದು ಕೇಳಿದಳು. ಕೇಳಿ, ತಾನೂ ಒಳಗೆ ಬಂದಳು. ಅವಳ ಹಿಂದೆ ಅವಳ ಗಂಡ. ಸುದ್ದಿ ಓಣಿಯ ಉದ್ದಕ್ಕೂ ಹೋಯಿತು, ಮಗ್ಗ ನಿಲ್ಲುವ ಸುದ್ದಿ ಹೋಗುತ್ತದಲ್ಲ, ಹಾಗೆಯೇ. ಬಟ್ಟೆಯಿನ್ನೂ ಹಸಿಯಿದ್ದವರು, ಕುರ್ಚಿ ಹೊತ್ತು ಭುಜ ನೋಯುತ್ತಿದ್ದವರು, ಭಜನೆ ಹಾಡಿ ಗಂಟಲು ಕಟ್ಟಿದವರು ಎಲ್ಲರೂ ಬಂದು ಕಟ್ಟೆಯ ತನಕ ಸಾಲು ನಿಂತರು. ಒಬ್ಬೊಬ್ಬರೇ ಒಳಗೆ ಬಂದು ಆರಿಸುವುದು, ಕಾಯುವುದು, ಹೊತ್ತಿಸುವುದು. ಕಾಯುವಾಗ ಪರಪ್ಪನ ಮಾತುಗಳನ್ನು ನೆನೆಸಿಕೊಂಡು ನಕ್ಕರು, ನಕ್ಕು ಕಣ್ಣೊರೆಸಿಕೊಂಡರು. ಕೊನೆಗೆ ಕಾಕಿಯೂ ಬಂದಳು. "ಚುಟ್ಟಾಕ್ಕ ಎದ್ರೂ ಬಂದ್ ಮಾಡಾವ," ಎಂದು ಗೊಣಗಿ, ಬಟನ್ನನ್ನು ಮೆಲ್ಲಗೆ, ಕೆನ್ನೆ ತಟ್ಟುವ ಹಾಗೆ ಒತ್ತಿದಳು.

ಹುಬ್ಬಳ್ಳಿಯ ಗೋಡೆಯ ಮೇಲೆ ಆ ಗೆರೆ ಬೀಳುತ್ತ ಏಳುತ್ತ ಮಗ್ಗದ ಹಣಿಗೆಯ ಹಲ್ಲುಗಳಂತೆ ಸಾಲಾಗುತ್ತಿತ್ತು. ಪ್ರತಿ ಹಲ್ಲೂ ಒಂದೇ ಎತ್ತರ. ಅದರ ಕೆಳಗೆ ಅದೇ ಓಣಿಯ ಹಳೆಯ ಪೆಟ್ಟಿಗೆಗಳ ಗೆರೆಗಳು, ಬೆಳಗಿನ ಒಂದೇ ಒಂದು ಆರಿಸುವಿಕೆಗೆ ಒಂದೊಂದು ಮೆಟ್ಟಿಲು ಕೆಳಗಿಳಿದಿದ್ದವು. ಎರಡನ್ನೂ ಒಟ್ಟಿಗೆ ನೋಡಿದವನಿಗೆ ವಿಜ್ಞಾನ ತಿಳಿಯಬೇಕಾಗಿರಲಿಲ್ಲ. ಕೊಠಡಿಯ ಬೇರೆ ಕೆಲಸಗಾರರೂ ತಮ್ಮ ತಮ್ಮ ಕುರ್ಚಿ ಬಿಟ್ಟು ಬಂದು ಹೊಳ್ಳರ ಹಿಂದೆ ನಿಂತಿದ್ದರು.

ದೀಪ ಹಚ್ಚುವ ಹೊತ್ತಿಗೆ ಹೊಳ್ಳರು ಫೋನು ಮಾಡಿದರು.

"ಮೇಲಿನವರಿಗೆ ಈ ಗೆರೆಯನ್ನು ಹಾಗೆಯೇ ಕಳಿಸಿದೆ," ಎಂದರು. "ನಪಾಸು ಎಂಬ ಮಾತಿನ ಜೊತೆಗೇ. ಆರಿಸುವ ಪರೀಕ್ಷೆ ಇಲ್ಲದಿರುವುದು ನಮ್ಮ ತಪ್ಪು ಎಂದೂ ಬರೆದೆ. ಅವರು ಏನು ಹೇಳುತ್ತಾರೋ ಗೊತ್ತಿಲ್ಲ. ಆದರೆ ನಾಳೆ ಲಾರಿ ಬರುವುದಿಲ್ಲ. ನಾನು ಕಳಿಸುವುದಿಲ್ಲ."

"ಮತ್ತ ಅವರು ನಾಡಿದ್ದು ಕಳಿಸಿದ್ರ?"

"ಕಳಿಸಿದರೆ ನೀವು ಮತ್ತೆ ಹೀಗೇ ಆರಿಸಿ ಹೊತ್ತಿಸಿ ತೋರಿಸುತ್ತೀರಿ. ನೋಡಲಿಕ್ಕೆ ನಾನಿರುತ್ತೇನೆ."

ನೀಲಗಂಗಾ ಫೋನು ಕೆಳಗಿಟ್ಟಳು. ಮನೆಯೊಳಗೆ ಯಾರೂ ಉಳಿದಿರಲಿಲ್ಲ. ಎಲ್ಲರೂ ಪರಪ್ಪನ ಮನೆಯಲ್ಲಿ ದೀಪದ ಮುಂದೆ ಕೂರಲು ಹೋಗಿದ್ದರು. ಗುರುಸಿದ್ದವ್ವ ಮಾತ್ರ ಪೆಟ್ಟಿಗೆಯ ಮುಂದೆ ನಿಂತಿದ್ದಳು. ನಳಿಕೆಯ ಕೆಳಗಿನ ಕೊಡ ತುಂಬಿತ್ತು.

"ಸಾಕು ಬಾ ಅವ್ವಾ. ಅವರಿಗೆ ಮುಟ್ಟೈತಿ."

"ತಡಿ," ಎಂದಳು ಗುರುಸಿದ್ದವ್ವ. "ಓಣ್ಯಾಗ ಎಲ್ಲಾರೂ ಒತ್ಯಾರ. ಪರಪ್ಪಂದೊಂದು ಉಳದೈತಿ."

ಅವಳು ಬಟನ್ ಒತ್ತಿದಳು. ಕೋಣೆ ಕತ್ತಲಾಯಿತು, ಪಂಖ ನಿಂತಿತು, ಎದುರುಮನೆಯ ಭಜನೆ ಒಳಗಿನ ತನಕ ಕೇಳಿಸಿತು. ತಾಯಿ ಮಗಳು ಅದು ಒಂದು ಪದ ಮುಗಿಯುವವರೆಗೆ ಕತ್ತಲಲ್ಲೇ ನಿಂತರು. ಆಮೇಲೆ ಗುರುಸಿದ್ದವ್ವ ಮತ್ತೆ ಒತ್ತಿದಳು. ಪೆಟ್ಟಿಗೆ ಒಂದು ಸಲವೂ ಕೆಮ್ಮದೆ ಹೊತ್ತಿಕೊಂಡಿತು.